ಹಸಿ ಕಸ, ಒಣ ಕಸ, ನೀರು, ಕರೆಂಟು: ಬೆಂಗಳೂರಿನ ಮನೆ, ಹೋಟೆಲು, ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಯ ಸಭೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ದರ್ಶಿನಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. "ಪರಿಸರಸ್ನೇಹಿ" ಎಂದು ಬರೆದ ಹೊಸ ಸಾಮಾನು ಯಾವುದು ಕೊಳ್ಳಬೇಕು ಎಂದೇ ಹೆಚ್ಚಿನವರು ಮಾತು ಶುರುಮಾಡುತ್ತಾರೆ. ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲೇ ಬೇಕಾದಷ್ಟಿದೆ, ಅದಕ್ಕೆ ಹೆಚ್ಚಿನ ದುಡ್ಡೂ ಬೇಡ ಎಂಬುದು ನಮ್ಮ ಅಭಿಪ್ರಾಯ. ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇವೆ.

ನನಗೆ ಪುರಸೊತ್ತಿಲ್ಲ. ಒಂದೇ ಒಂದು ಕೆಲಸ ಮಾಡಬಹುದು ಅಂದರೆ ಯಾವುದು ಮಾಡಲಿ?

ಹಸಿ ಕಸವನ್ನು ಒಣ ಕಸದ ಜೊತೆ ಬೆರೆಸಬೇಡಿ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯದ್ದೇ: ತರಕಾರಿ ಸಿಪ್ಪೆ, ಉಳಿದ ಅನ್ನ, ಕಾಫಿ ಚರಟ, ಬಾಡಿದ ಹೂವು. ಇದು ಬೇರೆ ಇದ್ದರೆ ಗೊಬ್ಬರ. ಪ್ಲಾಸ್ಟಿಕ್ ಕವರಿನೊಳಗೆ ಕಾಗದ, ಡಬ್ಬಿ, ಪ್ಯಾಡ್ ಎಲ್ಲದರ ಜೊತೆ ಗಂಟು ಕಟ್ಟಿಟ್ಟರೆ ಕಾಗದವೂ ಕೆಟ್ಟಿತು, ಪ್ಲಾಸ್ಟಿಕ್ಕೂ ಕೆಟ್ಟಿತು, ಗೊಬ್ಬರವಂತೂ ಆಗಲೇ ಇಲ್ಲ. ಆ ಗಂಟು ಸೀದಾ ಕಸದ ಗುಡ್ಡೆಗೆ ಹೋಗುತ್ತದೆ. ಅಲ್ಲಿ ಗಾಳಿಯಾಡದೆ ಕೊಳೆತು, ವಾತಾವರಣ ಬಿಸಿಮಾಡುವ ಮೀಥೇನ್ ಅನಿಲ ಬಿಡುತ್ತದೆ, ಅದರಿಂದ ಇಳಿಯುವ ಕಪ್ಪು ರಸ ಅಂತರ್ಜಲ ಸೇರುತ್ತದೆ.

ಆ ಗುಡ್ಡೆಗಳ ಪಕ್ಕದಲ್ಲಿ ಊರುಗಳಿವೆ ಎಂಬುದನ್ನು ನಗರದಲ್ಲಿರುವ ನಾವು ಮರೆಯುತ್ತೇವೆ. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು. ಮಂಡೂರಿನ ಜನ ವರ್ಷಗಟ್ಟಲೆ ನೊಣ, ನಾತ, ಕೆಟ್ಟ ನೀರು ಸಹಿಸಿ, ರಸ್ತೆಗಿಳಿದು ಲಾರಿ ತಡೆದ ಮೇಲೆ 2014ರ ಡಿಸೆಂಬರಿನಲ್ಲಿ ಅಲ್ಲಿಯೂ ನಿಂತಿತು. ಹಾಗಂತ ಕಸವೇನೂ ಕಡಿಮೆಯಾಗಲಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಕಡೆ ತಿರುಗಿತು, ಅಷ್ಟೇ.

ಯಾವುದು ಯಾವ ಡಬ್ಬಿಗೆ? ಪ್ರತಿ ಸಲ ಗೊಂದಲ ಆಗುತ್ತದೆ.

ಬೆಂಗಳೂರಿನಲ್ಲಿ ರೂಢಿಯಲ್ಲಿರುವುದು ಎರಡು ಡಬ್ಬಿ, ಒಂದು ಚೀಲದ ಪದ್ಧತಿ. ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಇದನ್ನು ಕಡ್ಡಾಯ ಮಾಡಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಹಸಿರು ಡಬ್ಬಿಗೆ ಪ್ಲಾಸ್ಟಿಕ್ ಕವರ್ ಹಾಸಬೇಡಿ, ಹಳೇ ಪೇಪರ್ ಸಾಕು.

ಗೊಂದಲ ಮಾಡುವ ಕೆಲವು ವಸ್ತುಗಳು: ಮೊಟ್ಟೆ ಚಿಪ್ಪು, ಟೀ ಸೊಪ್ಪು ಹಸಿ ಕಸ. ಊಟದ ಕೈ ಒರೆಸಿದ ಟಿಶ್ಯೂ ಕೂಡ ಹಸಿ. ಮನೆ ಗುಡಿಸಿದ ಧೂಳು, ಕೂದಲು ಕೆಂಪು ಡಬ್ಬಿಗೆ. ಚಿಪ್ಸ್ ಪ್ಯಾಕೆಟ್ಟಿಗೆ ಬೆಲೆ ಸಿಗುವುದಿಲ್ಲ, ಆದರೂ ಒಣ ಕಸವೇ. ನುಣುಪು ಕಾಗದದ ಬಿಲ್ಲು ಮರುಬಳಕೆಗೆ ಬರುವುದಿಲ್ಲ, ಕೆಂಪು ಡಬ್ಬಿಗೆ ಹಾಕಿ. ಎಳನೀರು ಬುರುಡೆಯನ್ನು ಗಿಡ, ಸೊಪ್ಪು, ಎಲೆಗಳ ಜೊತೆ ಬೇರೆ ಕೊಡಬೇಕು. ಒಡೆದ ಗಾಜು, ಬ್ಲೇಡು, ಸೂಜಿಯನ್ನು ಮಾತ್ರ ದಯವಿಟ್ಟು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ಕೆಂಪು ಗುರುತು ಹಾಕಿ ಕೈಗೇ ಕೊಡಿ. ಪೌರಕಾರ್ಮಿಕರ ಕೈ ಕೊಯ್ಯುವುದು ಸುಮ್ಮನೆ ಕವರಿಗೆ ಎಸೆದ ಈ ಚೂರುಗಳಿಂದಲೇ. ಪ್ಯಾಡನ್ನೂ ಹಾಗೆಯೇ, ಪೇಪರಿನಲ್ಲಿ ಸುತ್ತಿ ಗುರುತು ಮಾಡಿ.

ನಾವು ಬೇರೆ ಬೇರೆ ಮಾಡಿ ಕೊಟ್ಟರೂ ಗಾಡಿಯವರು ಒಟ್ಟಿಗೇ ಸುರಿಯುತ್ತಾರಲ್ಲ? ಮತ್ತೆ ನಾವ್ಯಾಕೆ ಕಷ್ಟಪಡಬೇಕು?

ಈ ಸಿಟ್ಟು ನ್ಯಾಯವಾದದ್ದು. ಕೆಲವು ಬೀದಿಗಳಲ್ಲಿ ಹಾಗೆ ಆಗುವುದುಂಟು. ಆದರೆ ಕಾರಣ ಹುಡುಕಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಬೀದಿಯ ಮೂವತ್ತು ಮನೆಗಳಲ್ಲಿ ಹತ್ತು ಮನೆಯವರು ಬೇರೆ ಮಾಡಿ, ಇಪ್ಪತ್ತು ಮನೆಯವರು ಬೆರೆಸಿ ಕೊಟ್ಟರೆ ಆಟೋದಲ್ಲಿ ಬೇರೆ ಇಡುವುದು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಬೀದಿಯವರೆಲ್ಲ ಸೇರಿ ಶುರುಮಾಡಿ. ಒಣ ಕಸ ತೆಗೆದುಕೊಳ್ಳುವ ದಿನ ಗೊತ್ತು ಮಾಡಿಕೊಂಡು, ಉಳಿದ ದಿನ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ತೊಳೆದು ಒಣಗಿಸಿದ್ದರೆ ವಾರವಿಟ್ಟರೂ ವಾಸನೆ ಬರುವುದಿಲ್ಲ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಹತ್ತಿರವಿದ್ದರೆ ನೀವೇ ತಲುಪಿಸಬಹುದು. ಇಂಥ ಹಲವು ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ, ಹಸಿರು ದಳದಂಥ ಸಂಸ್ಥೆಗಳು ಅವರ ಬೆನ್ನಿಗಿವೆ. ನಿಮ್ಮ ಒಣ ಕಸ ಅವರಿಗೆ ಸಂಬಳ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಗಾಡಿಯ ಪ್ರಶ್ನೆಯೇ ಬರುವುದಿಲ್ಲ.

ಹಾಲಿನ ಕವರ್ ತೊಳೆಯಲು ನೀರು ದಂಡವಲ್ಲವೇ?

ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಜಾಲಾಡಿಸಿದರೆ ಸಾಕು, ಹೊಸ ನೀರು ಬೇಡ. ಒಣ ಕಸ ಕೇಂದ್ರದ ವಿಂಗಡಣೆ ಮೇಜಿನ ಪಕ್ಕ ಹತ್ತು ನಿಮಿಷ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ತೊಳೆದ ಹಾಲಿನ ಕವರು ತನ್ನದೇ ಮೂಟೆಗೆ ಹೋಗುತ್ತದೆ, ಅದಕ್ಕೊಂದು ದರವಿದೆ. ಎರಡು ದಿನದ ಹಾಲು ಹುಳಿತು ಅಂಟಿಕೊಂಡ ಕವರನ್ನು ಬಿಡಿಸುವಾಗ ಅಲ್ಲಿ ವಿಂಗಡಿಸುವ ಹೆಂಗಸರು ಮುಖ ಆಚೆ ತಿರುಗಿಸುತ್ತಾರೆ. ಅದಕ್ಕೆ ಸಿಗುವುದೂ ಕಡಿಮೆ ದರ, ಕೆಲವೊಮ್ಮೆ ಏನೂ ಇಲ್ಲ.

ಇನ್ನೊಂದು ಸಣ್ಣ ವಿಷಯ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಅರ್ಧ ಸೀಳಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಕತ್ತರಿಸಿ ಬಿದ್ದ ಉಗುರಿನಷ್ಟು ತುಂಡನ್ನು ಯಾರೂ ಆಯುವುದಿಲ್ಲ, ಅದು ಸಿಂಕಿನಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ.

ಮನೆಯಲ್ಲಿ ಗೊಬ್ಬರ ಮಾಡಲು ಹೋದೆವು. ವಾಸನೆ, ಹುಳ. ಅತ್ತೆಯವರು ಎತ್ತಿ ಆಚೆ ಇಡಿ ಅಂದರು. ಏನು ತಪ್ಪಾಯಿತು?

ನೂರಕ್ಕೆ ತೊಂಬತ್ತು ಸಲ ತಪ್ಪು ಒಂದೇ, ನೀರಿನಂಶ ಹೆಚ್ಚಾಗಿರುತ್ತದೆ. ನಮ್ಮ ಅಡುಗೆಮನೆಯ ಕಸವೇ ಬಲು ಒದ್ದೆ: ಸೋರೆಕಾಯಿ ತಿರುಳು, ಕಲ್ಲಂಗಡಿ ಸಿಪ್ಪೆ, ಉಳಿದ ಸಾರು. ಒದ್ದೆಯಾದ ಕಸದೊಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆಯುವುದೇ ನಾತಕ್ಕೆ ಮೂಲ. ಗಾಳಿ ಇದ್ದರೆ ಅದೇ ಕಸ ಮಳೆ ಬಂದ ಮಣ್ಣಿನ ವಾಸನೆ ಕೊಡುತ್ತದೆ.

ಮಾಡುವ ಕ್ರಮ ಹೀಗೆ. ಪಕ್ಕದಲ್ಲಿ ತೂತುಗಳಿರುವ ಮಣ್ಣಿನ ಮಡಕೆ ಅಥವಾ ಹಳೆಯ ಬಕೆಟ್ಟು ತೆಗೆದುಕೊಳ್ಳಿ. ದುಬಾರಿ ಸೆಟ್ಟೇ ಬೇಕೆಂದಿಲ್ಲ. ತಳಕ್ಕೆ ಒಣ ಎಲೆ ಹಾಸಿ. ದಿನದ ಕಸದಿಂದ ಸಾರು, ನೀರು ಬಸಿದು, ದೊಡ್ಡ ತುಂಡುಗಳನ್ನು ಹೆಚ್ಚಿ ಹಾಕಿ. ಮೇಲೆ ಅಷ್ಟೇ ಪ್ರಮಾಣದ ಒಣ ಎಲೆಯನ್ನೋ, ತೆಂಗಿನ ನಾರಿನ ಪುಡಿಯನ್ನೋ, ಮರದ ಹೊಟ್ಟನ್ನೋ ಹರಡಿ. ಕಸ ಕಣ್ಣಿಗೆ ಕಾಣಬಾರದು. ಮೊದಲ ಸಲ ಒಂದು ಹಿಡಿ ಹಳೇ ಗೊಬ್ಬರ ಅಥವಾ ಒಂದು ಲೋಟ ಹುಳಿ ಮಜ್ಜಿಗೆ ಸೇರಿಸಿದರೆ ಬೇಗ ಹತ್ತಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ ಕೋಲಿನಿಂದ ಮಗುಚಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಆಸುಪಾಸು ಹಸಿ ಕಸ ಬರುತ್ತದೆ. ಮಡಕೆ ತುಂಬಿದ ಮೇಲೆ ಇನ್ನೊಂದನ್ನು ಶುರುಮಾಡಿ, ಮೊದಲನೆಯದನ್ನು ಒಂದೂವರೆ ಎರಡು ತಿಂಗಳು ಬಿಡಿ.

ಪರೀಕ್ಷೆ ಕೈಯಲ್ಲೇ ಇದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ನೀರು ತೊಟ್ಟಿಕ್ಕಿದರೆ ಒಣ ಎಲೆ ಸೇರಿಸಿ. ಹಿಡಿ ಬಿಟ್ಟ ಕೂಡಲೇ ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಉಂಡೆ ಹಾಗೇ ನಿಂತು, ಅಂಗೈ ತುಸು ತೇವವಾದರೆ ಸರಿಯಾಗಿದೆ. ಇರುವೆ ಹತ್ತಿದೆ ಎಂದರೆ ಒಣಗಿದೆ ಎಂದರ್ಥ.

ಹುಳದ ಬಗ್ಗೆ: ಬೂದು ಬಣ್ಣದ, ಅಕ್ಕಿಗಿಂತ ದೊಡ್ಡ ಹುಳಗಳು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಮಗಿಂತ ಬೇಗ ಮುಗಿಸುತ್ತವೆ. ನೋಡಲಾಗದಿದ್ದರೆ ಬೇವಿನ ಹಿಂಡಿ ಉದುರಿಸಿ, ಒಣ ಎಲೆಯ ಪದರ ದಪ್ಪ ಮಾಡಿ. ಅತ್ತೆಯವರನ್ನು ಒಮ್ಮೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಹತ್ತಾರು ಬಗೆಯ ಗೊಬ್ಬರದ ಡಬ್ಬಿಗಳನ್ನು ಒಂದೇ ಕಡೆ ಮುಟ್ಟಿ ನೋಡಬಹುದು.

ಮೂಳೆ, ಮೀನಿನ ಮುಳ್ಳು ಹಾಕಬಹುದೇ?

ಹಾಕಬಹುದು, ಸ್ವಲ್ಪ ಸ್ವಲ್ಪ, ಒಣ ಎಲೆಯಡಿ ಆಳದಲ್ಲಿ. ಮೂಳೆ ಕರಗಲು ಬಹಳ ಸಮಯ ಹಿಡಿಯುತ್ತದೆ, ಗೊಬ್ಬರ ಜರಡಿ ಹಿಡಿದಾಗ ಉಳಿದದ್ದನ್ನು ಮತ್ತೆ ಹೊಸ ಮಡಕೆಗೆ ಹಾಕಿ. ಬೆಕ್ಕು, ಇಲಿ ಓಡಾಡುವ ಮನೆಯಾದರೆ ಬೇಡ.

ಬಿದ್ದ ಎಲೆ ಸುಟ್ಟರೇನು? ಮೊದಲಿಂದಲೂ ಸುಡುತ್ತಿದ್ದೇವಲ್ಲ.

ಎಲೆಯ ಜೊತೆ ಈಗ ಪ್ಲಾಸ್ಟಿಕ್ ಇರುತ್ತದೆ. ಅದರ ಹೊಗೆ ವಿಷ, ಪಕ್ಕದ ಮನೆಯ ಮಗುವಿನ ಎದೆಗೇ ಹೋಗುತ್ತದೆ. ಅಲ್ಲದೆ ಒಣ ಎಲೆಯೇ ಗೊಬ್ಬರಕ್ಕೆ ಅತಿ ಹೆಚ್ಚು ಬೇಕಾದದ್ದು. ಫೆಬ್ರವರಿ, ಮಾರ್ಚಿನಲ್ಲಿ ಬೀದಿಯ ಎಲೆಯನ್ನು ಗೋಣಿಚೀಲಕ್ಕೆ ತುಂಬಿಟ್ಟುಕೊಂಡರೆ ಮಳೆಗಾಲ ಕಳೆಯುತ್ತದೆ.

ಅಂಗಡಿಯಲ್ಲಿ ಈಗ ಬಟ್ಟೆ ಚೀಲವನ್ನೇ ಕೊಡುತ್ತಾರೆ. ಅದು ಸರಿಯಲ್ಲವೇ?

ಬಣ್ಣಬಣ್ಣದ, ಬಟ್ಟೆಯಂತೆ ಕಾಣುವ, ಸಣ್ಣ ಚುಕ್ಕೆಗಳ ಅಚ್ಚಿರುವ ಆ ತೆಳು ಚೀಲ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಒಂದು ಮೂಲೆಗೆ ಬೆಂಕಿಕಡ್ಡಿ ತಾಗಿಸಿದರೆ ಬಟ್ಟೆಯಂತೆ ಬೂದಿಯಾಗುವುದಿಲ್ಲ, ಕರಗಿ ಉಂಡೆಗಟ್ಟುತ್ತದೆ. ಕೆಲವು ತಿಂಗಳು ಬಿಸಿಲಿಗೆ ಬಿದ್ದರೆ ಎಳೆಎಳೆಯಾಗಿ ಪುಡಿಯಾಗಿ ಮಣ್ಣು ಸೇರುತ್ತದೆ.

ಇನ್ನು ನಿಜವಾದ ಹತ್ತಿ ಚೀಲವಾದರೂ ಪ್ರತಿ ಸಮಾರಂಭದಲ್ಲಿ ಒಂದೊಂದು ಪಡೆದು ಕಪಾಟಿನಲ್ಲಿ ಪೇರಿಸಿದರೆ ಪ್ರಯೋಜನವಿಲ್ಲ. ಹತ್ತಿ ಬೆಳೆಯಲು, ನೂಲಲು, ನೇಯಲು ಬಹಳ ನೀರು, ಇಂಧನ ಬೇಕು. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಹಗುರ ಎನಿಸಿಕೊಳ್ಳಲು ಹತ್ತಿ ಚೀಲವನ್ನು 131 ಸಲ ಬಳಸಬೇಕು. ಹಳೇ ಪ್ಯಾಂಟು, ಹಳೇ ಸೀರೆಯಲ್ಲಿ ಹೊಲಿಸಿದ ಚೀಲಕ್ಕೆ ಈ ಲೆಕ್ಕ ತಟ್ಟುವುದಿಲ್ಲ. ಗಾಡಿಯ ಡಿಕ್ಕಿಯಲ್ಲಿ ಒಂದು, ಆಫೀಸು ಬ್ಯಾಗಿನಲ್ಲಿ ಒಂದು ಇಟ್ಟುಬಿಡಿ.

"ಮಣ್ಣಲ್ಲಿ ಕರಗುವ" ಕವರ್ ಎಂದು ಮಾರುತ್ತಾರಲ್ಲ?

ಹೆಚ್ಚಿನವು ದೊಡ್ಡ ಗೊಬ್ಬರ ಘಟಕದ 58 ಡಿಗ್ರಿ ಆಸುಪಾಸಿನ ಶಾಖದಲ್ಲಿ ಮಾತ್ರ ಕರಗುವಂಥವು. ನಿಮ್ಮ ಮಡಕೆಯಲ್ಲಿ, ಮೋರಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಕರಗುವುದಿಲ್ಲ. ನಕಲಿಯೂ ಬಹಳ. ನಮ್ಮ ಸಲಹೆ: ದುಡ್ಡು ಕೊಟ್ಟು ಕೊಳ್ಳಬೇಡಿ.

ನನ್ನದು ಚಿಕ್ಕ ದರ್ಶಿನಿ. ಪೇಪರ್ ಲೋಟ ಬಿಟ್ಟರೆ ತೊಳೆಯುವ ಆಳಿನ ಖರ್ಚು ಹೆಚ್ಚಾಗುತ್ತದೆ. ಏನು ಮಾಡಲಿ?

ಪೇಪರ್ ಲೋಟದ ಒಳಮೈಗೆ ಪ್ಲಾಸ್ಟಿಕ್ ಲೇಪವಿರುತ್ತದೆ. ಆ ಲೇಪದಿಂದಾಗಿ ರದ್ದಿಯವನೂ ಅದನ್ನು ಮುಟ್ಟುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದಂತೆ, 100 ಮಿ.ಲೀ. ಬಿಸಿ ದ್ರವ ಹದಿನೈದು ನಿಮಿಷ ಅದರಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ. ನಿಂತು ಕುಡಿಯುವ ಗಿರಾಕಿಗೆ ಸ್ಟೀಲ್ ಅಥವಾ ಗಾಜಿನ ಲೋಟವನ್ನೇ ಕೊಡಿ. ಲೋಟ ಕೊಳ್ಳುವ ಖರ್ಚು ಒಮ್ಮೆ, ಪೇಪರ್ ಲೋಟದ ಖರ್ಚು ದಿನವೂ. ಗಿರಾಕಿಗೆ ಶುಚಿಯ ಅನುಮಾನ ಬರುವುದು ಸಹಜ, ಅದಕ್ಕೆ ಲೋಟಗಳನ್ನು ಕುದಿಯುವ ನೀರಿನ ಹಂಡೆಯಿಂದ ಅವರ ಕಣ್ಣೆದುರೇ ತೆಗೆಯಿರಿ. ಅಂಥ ಕಡೆ ಪೇಪರ್ ಲೋಟ ಕೇಳುವವರು ತೀರ ಕಡಿಮೆ.

ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರೆ ಇವತ್ತೇ ನಿಲ್ಲಿಸಿ. ರಾಜ್ಯದ ಆರೋಗ್ಯ ಇಲಾಖೆ 2025ರ ಆರಂಭದಲ್ಲಿ 251 ಕಡೆ ಪರಿಶೀಲಿಸಿದಾಗ 52 ಕಡೆ ಇಂಥ ಹಾಳೆ ಸಿಕ್ಕಿತು. ಅದಾದ ಮೇಲೆ ಅದರ ಬಳಕೆಯನ್ನು ಸರಕಾರ ನಿಷೇಧಿಸಿದೆ. ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಇಡ್ಲಿ ಬೇಯಿಸುವುದು ನಮಗೇನು ಹೊಸದಲ್ಲ. ಬಾಳೆ ಎಲೆಯೂ ಆಗುತ್ತದೆ.

ಕರಿದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ, ತಳ್ಳುಗಾಡಿಯವರಿಗೂ ಮಾರಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಪದೇ ಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) ಶೇ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. 2018ರ ಜುಲೈನಿಂದ ಈ ಮಿತಿ ಜಾರಿಯಲ್ಲಿದೆ. ಬಣ್ಣ ಕಪ್ಪಾಗಿ, ನೊರೆ ಎದ್ದು, ಅಂಟಂಟಾದರೆ ಅದರ ಕಾಲ ಮುಗಿದಿದೆ. ಬಯೋಡೀಸೆಲ್ ಮಾಡಲು ಕೊಳ್ಳುವ ಅಧಿಕೃತ ಸಂಗ್ರಹಕಾರರಿದ್ದಾರೆ, ಲೀಟರಿಗೆ ಇಷ್ಟು ಎಂದು ಕೊಟ್ಟು ಒಯ್ಯುತ್ತಾರೆ.

ಪಾರ್ಸೆಲಿಗೆ: ಡಬ್ಬಿ ತಂದವರಿಗೆ ಎರಡು ಮೂರು ರೂಪಾಯಿ ಬಿಟ್ಟುಕೊಡಿ, ಬೋರ್ಡು ಹಾಕಿ. ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್ಕಿಗೆ ಸುರಿದು ಗಂಟು ಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ನನ್ನದು ದಿನಸಿ ಅಂಗಡಿ. ಯಾವ ಪ್ಲಾಸ್ಟಿಕ್ ಇಟ್ಟರೆ ದಂಡ ಬೀಳುತ್ತದೆ?

ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆ, ಥರ್ಮೋಕೋಲನ್ನು ಎಷ್ಟೇ ದಪ್ಪವಿದ್ದರೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಸ್ಟ್ರಾ, ಕಿವಿಕಡ್ಡಿ, ಐಸ್‌ಕ್ರೀಂ ಕಡ್ಡಿಯಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ನಿಷೇಧ ಬಂತು. "120 ಮೈಕ್ರಾನ್ ದಪ್ಪದ್ದು ನಡೆಯುತ್ತದೆ" ಎಂದು ಸಗಟು ವ್ಯಾಪಾರಿ ಹೇಳಿದರೆ ಅದು ಕೇಂದ್ರದ ನಿಯಮ, ರಾಜ್ಯದ ಆದೇಶ ಅದಕ್ಕಿಂತ ಬಿಗಿ ಎಂದು ನೆನಪಿಡಿ.

ಮದುವೆ, ನಾಮಕರಣ ಇದೆ. ಏನೇನು ಬದಲಿಸಬಹುದು?

ಎಲ್ಲಕ್ಕಿಂತ ಮೊದಲು ಊಟದ ಬಗೆಗಳನ್ನು ಕಡಿಮೆ ಮಾಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ನಗರದ ಕಲ್ಯಾಣಮಂಟಪಗಳನ್ನು ಅಧ್ಯಯನ ಮಾಡಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಅಡುಗೆ ದಂಡವಾಗುತ್ತದೆ ಎಂದು ಲೆಕ್ಕ ಕೊಟ್ಟರು. ನಾಲ್ಕು ಸಿಹಿ ಬಡಿಸುವ ಕಡೆ ಎರಡು ಸಾಕು. ಬಡಿಸುವವರಿಗೆ "ಕೇಳಿ ಬಡಿಸಿ" ಎಂದು ಮೊದಲೇ ಹೇಳಿಡಿ.

ಬಾಳೆ ಎಲೆಗೆ ಸಮನಾದದ್ದು ಇಲ್ಲ. ಆದರೆ ಮಂಟಪದವರು ಎಲೆಯನ್ನು ಮೇಜಿನ ಪ್ಲಾಸ್ಟಿಕ್ ಹಾಳೆಯ ಸಮೇತ ಸುತ್ತಿ ಎಸೆದರೆ ಮಾಡಿದ್ದೆಲ್ಲ ನೀರುಪಾಲು, ಆ ಹಾಳೆ ಬೇಡವೆಂದು ಮುಂಗಡ ಕೊಡುವಾಗಲೇ ಗಟ್ಟಿಯಾಗಿ ಹೇಳಿ. ಬಫೆ ಆದರೆ ಸ್ಟೀಲ್ ತಟ್ಟೆ, ಲೋಟ ಕೊಡುವ ತಟ್ಟೆ ಬ್ಯಾಂಕುಗಳಿವೆ. ಬೆಂಗಳೂರಿನ ಅದಮ್ಯ ಚೇತನ ಇದನ್ನು ನಡೆಸುತ್ತಾ ಬಂದಿದೆ. ಕಾಲು ಲೀಟರಿನ ನೀರಿನ ಬಾಟಲಿ ಬದಲು ಕ್ಯಾನು, ಲೋಟ ಇಡಿ. ಅರ್ಧ ಕುಡಿದು ಬಿಟ್ಟ ಬಾಟಲಿಗಳ ರಾಶಿ ನೋಡಿದವರು ಮತ್ತೆ ತರಿಸುವುದಿಲ್ಲ.

ಅಡಿಕೆ ಹಾಳೆ ತಟ್ಟೆ ಒಳ್ಳೆಯದು ಎಂದುಕೊಂಡಿದ್ದೆವು. ಅಮೆರಿಕದಲ್ಲಿರುವ ಮಗಳು ಬೇಡ ಅನ್ನುತ್ತಾಳೆ.

ಮಗಳು ಹೇಳುವುದಕ್ಕೆ ಆಧಾರವಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇನಲ್ಲಿ, ಹಾಳೆಯಲ್ಲಿ ಸಹಜವಾಗಿರುವ, ಮೈಗೆ ಕೆಡುಕು ಮಾಡಬಲ್ಲ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂದು ಈ ತಟ್ಟೆಗಳ ಆಮದಿಗೆ ತಡೆ ಹಾಕಿತು. ದಕ್ಷಿಣ ಕನ್ನಡ, ಶಿವಮೊಗ್ಗದ ಕಡೆ ಇದನ್ನೇ ನಂಬಿ ಯಂತ್ರ ಹಾಕಿದ ಎಷ್ಟೋ ಸಣ್ಣ ಉದ್ಯಮಿಗಳಿಗೆ ಇದು ದೊಡ್ಡ ಪೆಟ್ಟು, ಅವರ ಬಗ್ಗೆ ಯೋಚಿಸಿದರೆ ಸಂಕಟವಾಗುತ್ತದೆ. ನಮ್ಮ ದೇಶದಲ್ಲಿ ಬಳಕೆಗೆ ನಿಷೇಧವಿಲ್ಲ. ಹಾಗಿದ್ದರೂ ಈ ವಿಷಯ ಇತ್ಯರ್ಥವಾಗುವವರೆಗೆ ಬಿಸಿ ಸಾರು, ಹುಳಿಗೆ ಬಾಳೆ ಎಲೆಯನ್ನೋ ಮುತ್ತುಗದ ಎಲೆಯನ್ನೋ ಬಳಸುವುದು ಮೇಲು.

ನೀರಿಗೆ ದುಡ್ಡು ಕೊಡುತ್ತೇವೆ. ಉಳಿಸಬೇಕಾದ ಜರೂರೇನು?

ನಿಮ್ಮ ನಲ್ಲಿಯ ಕಾವೇರಿ ನೀರು ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರುತ್ತದೆ. ನೀವು ಉಳಿಸಿದ ಪ್ರತಿ ಬಕೆಟ್ಟಿನಲ್ಲೂ ಕರೆಂಟು ಉಳಿಯುತ್ತದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತದ್ದು ಯಾರಿಗೂ ಮರೆತಿರಲಾರದು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗ ಹೇಳಬೇಕಾಯಿತು.

ನಲ್ಲಿಯ ಬಾಯಿಗೆ ಏರೇಟರ್ (ನೀರಿನ ಜೊತೆ ಗಾಳಿ ಬೆರೆಸುವ ಪುಟ್ಟ ಜಾಲರಿ) ಹಾಕಿಸಿ, ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಆಚೆ ಬಿಡುತ್ತದೆ, ಆ ಪೈಪಿಗೆ ಬಕೆಟ್ ಇಟ್ಟು ನೆಲ ಒರೆಸಲು ಬಳಸಿ. ಕಾವೇರಿ ನೀರು ಬರುವ ಮನೆಗೆ ಆರ್‌ಒ ಬೇಕೇ ಎಂಬುದನ್ನೇ ಮೊದಲು ಕೇಳಿಕೊಳ್ಳಿ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಾಧಾರಣ ಫಿಲ್ಟರ್, ಕುದಿಸಿದ ನೀರು ಸಾಕು.

ಮಳೆನೀರಿನ ಲೆಕ್ಕ ಸುಲಭ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ 900 ಮಿ.ಮೀ. ಮೇಲೆಯೇ ಮಳೆ. ಮೂವತ್ತು ನಲವತ್ತರ ಸೈಟಿನ ಪೂರ್ತಿ ಚಾವಣಿ 111 ಚದರ ಮೀಟರ್. ಸೋರಿ ಆವಿಯಾದದ್ದು ಬಿಟ್ಟರೂ 80,000 ಲೀಟರಿಗೆ ಮೋಸವಿಲ್ಲ. ಮಾಡಿಸುವ ಮುನ್ನ ಜಯನಗರದಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ನೋಡಿ ಬನ್ನಿ.

ಬಟ್ಟೆ ಒಗೆಯುವ ಪುಡಿಗೂ ಕೆರೆಗೂ ಏನು ಸಂಬಂಧ?

ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬರುತ್ತಿದ್ದದ್ದು ನೆನಪಿದೆಯಲ್ಲ. ಅದು ಶುದ್ಧೀಕರಿಸದ ಕೊಳಚೆಯ ಜೊತೆ ಹೋದ ನಮ್ಮೆಲ್ಲರ ಸೋಪಿನ ನೀರು. ಫಾಸ್ಫೇಟ್ ಇಲ್ಲದ ಪುಡಿ ಆರಿಸಿ. ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಹಾಕಿದರೂ ದಿನಬಳಕೆಯ ಬಟ್ಟೆ ಶುಚಿಯಾಗುತ್ತದೆ. ರೇಷ್ಮೆಗೆ ಅಂಟುವಾಳ ಇದ್ದೇ ಇದೆ.

ಗೃಹಜ್ಯೋತಿಯಲ್ಲಿ ಕರೆಂಟು ಪುಕ್ಕಟೆ. ಕಡಿಮೆ ಕರೆಂಟು ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನು ಯಾಕೆ?

ಪುಕ್ಕಟೆ ಸಿಗುವ ಮಿತಿ ನಿಮ್ಮ 2022–23ರ ಸರಾಸರಿ ಬಳಕೆಯ ಮೇಲೆ ನಿಂತಿದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಬಿಲ್, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಹಳೇ ಫ್ಯಾನು 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಹಳೆಯದು ಕೆಟ್ಟಾಗ ಬದಲಿಸಿ, ಚೆನ್ನಾಗಿರುವುದನ್ನು ಕಿತ್ತೆಸೆಯಬೇಡಿ. ಅಂಗಡಿ, ಹಾಸ್ಟೆಲು, ಪಿ.ಜಿ. ನಡೆಸುವವರಿಗೆ ಈ ಪುಕ್ಕಟೆ ಸೌಲಭ್ಯ ಇಲ್ಲವಾದ್ದರಿಂದ ಕೂಡಲೇ ಬದಲಿಸಿದರೂ ನಷ್ಟವಿಲ್ಲ.

ಚಾವಣಿಯ ಮೇಲೆ ಸೌರ ಫಲಕ ಹಾಕಿಸುವುದು ಲಾಭವೇ?

ನೆರಳಿಲ್ಲದ ಚಾವಣಿ, ತಿಂಗಳಿಗೆ 200 ಯೂನಿಟ್ ಮೀರಿದ ಬಳಕೆ, ಇವೆರಡೂ ಇದ್ದರೆ ಹೌದು. ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಬಾಡಿಗೆ ಮನೆಯವರು, ಬಳಕೆ ಕಡಿಮೆ ಇರುವವರು ಇದರ ಚಿಂತೆ ಬಿಡಿ.

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲೇ?

ದಿನವೂ ದೂರ ಓಡಾಡುವವರಾದರೆ, ಅದರಲ್ಲೂ ಮನೆಮನೆಗೆ ಸಾಮಾನು ತಲುಪಿಸುವ ವ್ಯಾಪಾರವಾದರೆ, ಖಂಡಿತ. ವಾರಕ್ಕೆರಡು ಸಲ ಮಾರ್ಕೆಟ್ಟಿಗೆ ಹೋಗುವವರು ಇರುವ ಗಾಡಿಯನ್ನೇ ಸರ್ವಿಸ್ ಮಾಡಿಸಿ ಓಡಿಸಿ, ಬಸ್ಸು, ಮೆಟ್ರೊ ಸಿಗುವ ಕಡೆಗೆ ಅದರಲ್ಲೇ ಹೋಗಿ.

ಹಳೇ ಫೋನು, ಚಾರ್ಜರು, ಸೆಲ್ಲು ಡ್ರಾಯರಿನಲ್ಲಿ ತುಂಬಿವೆ.

ಒಣ ಕಸದ ಚೀಲಕ್ಕೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತುತ್ತದೆ. ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ ಒಂದು ಡಬ್ಬಿಯಲ್ಲಿ ಇಡಿ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿದೆ, ಒಡೆಯದಂತೆ ಬೇರೆ ಸುತ್ತಿಡಿ. ಡಬ್ಬಿ ತುಂಬಿದಾಗ ಕಂಪನಿಯ ಮಳಿಗೆಗೋ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ–ತ್ಯಾಜ್ಯ ಸಂಗ್ರಹಕಾರರಿಗೋ ಕೊಡಿ. ಅಪಾರ್ಟ್‌ಮೆಂಟಾದರೆ ಕಾವಲುಗಾರರ ಕೋಣೆಯ ಹತ್ತಿರ ಒಂದೇ ಪೆಟ್ಟಿಗೆ ಇಟ್ಟು ಮೂರು ತಿಂಗಳಿಗೊಮ್ಮೆ ಅವರನ್ನು ಕರೆಸಿದರೆ ಎಲ್ಲ ಮನೆಗಳ ಡ್ರಾಯರೂ ಖಾಲಿಯಾಗುತ್ತದೆ.